ಚಹಾದಂಗಡಿಯಲ್ಲಿ ನಾನು ಕೆಮ್ಮಿದ ಕೆಮ್ಮು

ಮೊದಲೇ ಹೇಳಿಬಿಡುತ್ತೇನೆ, ಆ ದಿನ ಭತ್ತದ ಕಣದಲ್ಲಿ ರಕ್ತ ಬಿದ್ದದ್ದು ನನ್ನ ಬಾಯಿಯ ದೆಸೆಯಿಂದ. ಅದರಲ್ಲಿ ಒಂದಿಷ್ಟು ನನ್ನ ಬಾಯಿಯದೇ ರಕ್ತ. ಮುಂದಿನ ಹಲ್ಲು ಅರ್ಧ ಮುರಿದ ಮೇಲೆ ನಾನು ಯಾರ ದನಿಯನ್ನು ಅಣಕಿಸಿದರೂ ಅವರು ಸ್ವಲ್ಪ ಸಿಳ್ಳೆ ಹಾಕುತ್ತಾರೆ.

ನಾನು ತಡಸದವನು. ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಸೇರುವಾಗ ಅಪ್ಪ ಕೇಳಿದ್ದ: "ಸಮಾಜಾ ಓದಾಕ ಅಷ್ಟ ದೂರ ಯಾಕ ಹೋಗ್ತಿ? ಬಾಗಲಾಗ ನಿಂತರ ಪುಕ್ಕಟೆ ಕಾಣಸ್ತೈತಲ್ಲ." ಇದನ್ನು ಅಪ್ಪನ ದನಿಯಲ್ಲೇ ಹೇಳಿ ಹಾಸ್ಟೆಲ್ಲಿನಲ್ಲಿ ಚಪ್ಪಾಳೆ ಗಿಟ್ಟಿಸಿದೆ. ಚಪ್ಪಾಳೆ ಸಿಕ್ಕಿತು, ಉತ್ತರ ಸಿಗಲಿಲ್ಲ. ನಮಗಿಂತ ಮೊದಲು ಓದಿದವರಲ್ಲಿ ಒಬ್ಬ ಸವಣೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪಾಠ ಹೇಳುತ್ತಿದ್ದ. ಇನ್ನೊಬ್ಬ ಶಿಗ್ಗಾಂವಿಯಲ್ಲಿ ಅತಿಥಿ ಉಪನ್ಯಾಸಕ, ಪ್ರತಿ ವರ್ಷ ತನ್ನನ್ನು ಕರೆಯುತ್ತಾರೋ ಇಲ್ಲವೋ ಎಂದು ಕಾಯುವವನು. ಅತಿಥಿ ಎಂಬ ಪದಕ್ಕೆ ಅಷ್ಟು ಗತಿಗೆಟ್ಟ ಅರ್ಥ ಅವನಿಂದಲೇ ಕಲಿತೆ.

ಅಂಥದರಲ್ಲಿ ನಮ್ಮ ಮಾರ್ಗದರ್ಶಕಿ ಮೇಡಂ ಒಂದು ಕೆಲಸದ ಸುದ್ದಿ ತಂದರು. ಹಾನಗಲ್ಲಿನ ಒಂದು ಸಂಸ್ಥೆಗೆ ಹಳ್ಳಿಗಳಲ್ಲಿ ಸಮೀಕ್ಷೆ ಮಾಡುವ ಹುಡುಗ ಬೇಕಿದ್ದ. ಮೇಡಂ ಹೇಳಿದರೆ ಕೆಲಸ ಗಟ್ಟಿ. ಆದರೆ ಅವರದೊಂದು ಷರತ್ತು.

"ನಿನ್ನ ಪ್ರಾಜೆಕ್ಟ್ ಮುಗದ ಮ್ಯಾಲೆ ನಾ ಆ ಊರಿಗೆ ಬರ್ತೇನಿ. ನೀ ಮಾತಾಡ್ಸಿದ ಮಂದಿ ನಿನ್ನ ಎರಡನೇ ಸಲ ಕರದು ಕುಂದರಿಸಿದ್ರ ನಿನ್ನ ಹೆಸರು ಹೇಳ್ತೇನಿ. ಬಾಗಲಾಗ ನಿಂದರಿಸಿದ್ರ ನೀ ಈ ಕೆಲಸದಾವ ಅಲ್ಲ. ಇನ್ನೊಂದು, ಯಾರ ಹೆಸರೂ ಹೊರಗ ಬರಬಾರದು."

ನನ್ನ ಪ್ರಾಜೆಕ್ಟಿನ ವಿಷಯ ಹಾನಗಲ್ ತಾಲೂಕಿನ ಒಂದು ಊರಿನಲ್ಲಿ ಅಣ್ಣತಮ್ಮಂದಿರ ನೀರಿನ ಜಗಳ. ಅಲ್ಲಿ ಕಾಲುವೆಯ ನೀರಿಗೆ ಪಾಳಿ ಇದೆ, ಒಬ್ಬೊಬ್ಬರಿಗೆ ಒಂದೊಂದು ದಿನ. ಪಾಳಿ ತಪ್ಪಿದರೆ ಏಟು. ಬೇರೆ ಊರಲ್ಲಿ ಮದುವೆಯ ಆಲ್ಬಮ್ ತೋರಿಸುವ ಹಾಗೆ ಇಲ್ಲಿ ಅಂಗಿ ಬಿಚ್ಚಿ ಬೆನ್ನು ತೋರಿಸುತ್ತಿದ್ದರು. ಒಬ್ಬಾಕೆ, ಮೈದುನ ತನ್ನ ಗಂಡನ ತಲೆಯನ್ನು ಬದುವಿನ ಕಲ್ಲಿಗೆ ಹೇಗೆ ಅಪ್ಪಳಿಸಿದ ಎಂದು ಕೈಯಲ್ಲಿ ಮಾಡಿ ತೋರಿಸಿ, ಅದೇ ಕೈಯಿಂದ ನನಗೆ ಚುರಮುರಿ ಹಾಕಿಕೊಟ್ಟಳು. ಮೊದಮೊದಲು ನಾನು ಚುರಮುರಿ ಬದಿಗಿಟ್ಟು ಬರೆದುಕೊಳ್ಳುತ್ತಿದ್ದೆ. ಆಮೇಲಾಮೇಲೆ, "ಬಲಗೈಲೆ ಹೊಡದನೋ ಎಡಗೈಲೆ ಹೊಡದನೋ?" ಎಂದು ತಿನ್ನುತ್ತಲೇ ಕೇಳುವಷ್ಟು ವಿದ್ವಾಂಸನಾದೆ.

ಅಲ್ಲಿ ಇಬ್ಬರು ಅಣ್ಣತಮ್ಮಂದಿರು. ತಮ್ಮನನ್ನು ನಾನು ಇನ್ನೂ ನೋಡಿರಲಿಲ್ಲ. ಅಣ್ಣನಿಗೆ ದಮ್ಮಿನ ರೋಗ. ಪ್ರತಿ ಮಾತಿಗೂ ಮೊದಲು ಒಂದು ಉದ್ದ ಕೆಮ್ಮು, ಕೊನೆಗೆ "ತಿಳೀತಿಲ್ಲೋ ತಮ್ಮಾ?" ಒಂದು ಮಧ್ಯಾಹ್ನ ಅವನು ಹೆಂಡತಿಯನ್ನು ಒಳಗೆ ಕಳಿಸಿ ದನಿ ಇಳಿಸಿದ.

"ಹ್ವಾದ ವರ್ಷ ನನ್ನ ತಮ್ಮನ ಪಾಳಿ ದಿನ ನೀರ ತಿರುವಿಕೊಂಡಾವ ನಾನ. ಅವನ ಗದ್ದಿ ಒಣಗಿತು. ಬಾಜೂಕಿನ ಗದ್ದ್ಯಾವ ಕದ್ದಾನ ಅಂತ ಹೇಳಿದೆ. ನಂಬಿದ. ಹೋಗಿ ಆ ಬಡವನ ದವಡಿ ಮುರದು ಬಂದ. ತಿಳೀತಿಲ್ಲೋ ತಮ್ಮಾ? ಯಾರ ಮುಂದೂ ಹೇಳಬ್ಯಾಡ."

ನಾನು 'ಒಬ್ಬ ರೈತ' ಎಂದು ಬರೆದುಕೊಂಡೆ. ಹೆಸರಿಲ್ಲ, ಗುರುತಿಲ್ಲ. ಮೇಡಂ ಮೆಚ್ಚುವಂಥ ಶಿಸ್ತು.

ಎರಡು ದಿನ ಬಿಟ್ಟು ಹಾನಗಲ್ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯಲ್ಲಿ ಹಿರೇಕೆರೂರಿನ ಗೆಳೆಯ ಸಿಕ್ಕ, ನನ್ನ ಸಹಪಾಠಿ. "ಏನಲೇ ಸಂಶೋಧಕ, ಯಾರ ಸಿಕ್ಕಿದ್ರು?" ಎಂದ. ಹೆಸರು ಹೇಳುವ ಹಾಗಿಲ್ಲವಲ್ಲ, ಹಾಗಾಗಿ ನಾನು ಕೆಮ್ಮಿದೆ. ಅವನ ಹಾಗೆ ಏದುಸಿರು ಬಿಟ್ಟೆ. ಪಾಳಿ, ನೀರು, ದವಡೆ, "ತಿಳೀತಿಲ್ಲೋ ತಮ್ಮಾ?" ಎಲ್ಲವನ್ನೂ ಆ ದನಿಯಲ್ಲೇ ಒಪ್ಪಿಸಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹಿಂದಿನ ಬೆಂಚಿನಲ್ಲಿ ಒಬ್ಬ, ಹದ ಮಾಡಿಸಿದ ಕುಡಗೋಲನ್ನು ಗೋಣಿತಟ್ಟಿನಲ್ಲಿ ಸುತ್ತಿಟ್ಟುಕೊಂಡು ಕೂತಿದ್ದ. ಅವನೊಬ್ಬ ನಗಲಿಲ್ಲ.

"ಇನ್ನೊಮ್ಮೆ ಮಾಡು," ಎಂದ.

ಕಲಾವಿದನಿಗೆ ಇದಕ್ಕಿಂತ ಏನು ಬೇಕು? ಇನ್ನೊಮ್ಮೆ ಮಾಡಿದೆ, ಕೆಮ್ಮನ್ನು ಇನ್ನಷ್ಟು ತಿದ್ದಿ. ಅವನು ಗ್ಲಾಸು ಕೆಳಗಿಟ್ಟು ಬೈಕ್ ಹತ್ತಿ ಹೋದ. ಅಂಗಡಿಯವನು ಗ್ಲಾಸು ಎತ್ತಿಕೊಳ್ಳುತ್ತ ಹೇಳಿದ: "ಅವರಣ್ಣನ ದನೀನ ಎಷ್ಟ ಚಲೋ ತಗದ್ಯೋ ಮಾರಾಯ."

ಗೆಳೆಯನ ಬೈಕಿನಲ್ಲಿ ಬೆನ್ನಟ್ಟಿದೆವು. ಅಣ್ಣನ ಮನೆಯ ಮುಂದಿನ ಕಣ ಮುಟ್ಟುವಷ್ಟರಲ್ಲಿ ಕುಡಗೋಲು ಒಮ್ಮೆ ಇಳಿದಾಗಿತ್ತು. ಅಣ್ಣನ ಹಣೆಯ ಚರ್ಮ ಹುಬ್ಬಿನ ಮೇಲೆ ಜೋತುಬಿದ್ದಿತ್ತು. ಕಣ್ಣಿಗೆ ರಕ್ತ ಇಳಿದು ಏನೂ ಕಾಣದೆ ಅವನು ಸಲಿಕೆಯ ಮರದ ಹಿಡಿಯನ್ನು ಗಾಳಿಗೆ ಬೀಸುತ್ತಿದ್ದ. ಒಂದು ಏಟು ತಮ್ಮನ ಮಣಿಕಟ್ಟಿಗೆ ತಾಗಿ, ಕಬ್ಬು ಮುರಿದಂಥ ಸಪ್ಪಳವಾಯಿತು. ತಮ್ಮ ಕುಡಗೋಲನ್ನು ಎಡಗೈಗೆ ತೆಗೆದುಕೊಂಡ. ಅಣ್ಣನ ಹೆಂಡತಿ ಓಡಿಬಂದು ಆ ಕೈಯನ್ನು ಕಚ್ಚಿ ಹಿಡಿದಳು, ಕುಡಗೋಲು ಬೀಳುವ ತನಕ ಬಿಡಲಿಲ್ಲ. ಬಾಯಿ ತೆಗೆದಾಗ ಅವಳ ಹಲ್ಲೂ ಕೆಂಪು.

ನಾನು ನಡುವೆ ನುಗ್ಗಿದೆ. ಹೆದರಿಕೆಯಲ್ಲಿ ನನ್ನ ದನಿ ನನಗೇ ಸಿಗಲಿಲ್ಲ, ಬಾಯಿಗೆ ಪೊಲೀಸನ ದನಿ ಬಂತು: "ಏ, ನಿಂದರ್ರಲೇ!"

ಇಬ್ಬರೂ ನಿಂತರು. ತಮ್ಮ ನನ್ನನ್ನು ಗುರುತು ಹಿಡಿದ. "ಅಂಗಡ್ಯಾಗ ನಿನ್ನಂಗ ಕೆಮ್ಮಿದಾವ ಇವನ," ಎಂದು ಅಣ್ಣನಿಗೆ ಹೇಳಿದ. ಆಮೇಲೆ ಇಬ್ಬರೂ ಸೇರಿ ನನ್ನನ್ನು ಹೊಡೆದರು. ಒಬ್ಬ ಮುರಿಯದ ಕೈಯಿಂದ, ಇನ್ನೊಬ್ಬ ಕಾಣದ ಕಣ್ಣಿಂದ. ನೀರಿನ ಜಗಳ ಶುರುವಾದ ಮೇಲೆ ಅವರು ಕೂಡಿ ಮಾಡಿದ ಕೆಲಸ ಅದೊಂದೇ ಇರಬೇಕು. ದವಾಖಾನೆಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ರಕ್ತ ಒರೆಸಿಕೊಳ್ಳುತ್ತ ಕೂತೆವು. ಕೇಳಿದವರಿಗೆ ಮೂವರೂ "ಬಿದ್ದೆ" ಎಂದೇ ಹೇಳಿದೆವು.

ಗಾಯ ಒಣಗಿದ ಮೇಲೆ ಮೇಡಂ ಬಂದರು. ನಡೆದದ್ದನ್ನು ಅವರಿಗೆ ನಾನೇ ಹೇಳಿದ್ದೆ. ಅವರು ಬೈಯಲಿಲ್ಲ, "ನಡಿ, ಷರತ್ತು ಷರತ್ತ," ಎಂದಷ್ಟೇ ಹೇಳಿದರು. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಹಣೆಯ ಮೇಲೆ ಹೊಲಿಗೆಯ ಗುರುತು, ಕರಿ ಇರುವೆ ಸಾಲು ಹಚ್ಚಿದ ಹಾಗೆ. "ಬರ್ರಿ ಬಾಯಾರ, ಕುಂದರ್ರಿ," ಎಂದು ಮೇಡಂಗೆ ಚಾಪೆ ಸರಿಸಿದ. ನನ್ನ ಕಡೆ ನೋಡಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಚಾಪೆಯ ಮೇಲೆ ಇನ್ನೂ ಒಬ್ಬರು ಕೂರುವಷ್ಟು ಜಾಗ ಇತ್ತು. ಮೇಡಂ ಆ ಜಾಗವನ್ನೇ ನೋಡುತ್ತಿದ್ದರು.

"ಕಾಕಾ, ತಪ್ಪಾತರಿ," ಎಂದೆ. "ಆದರ ಖರೇ ಹೇಳ್ತೇನಿ, ನಿಮ್ಮ ಹೆಸರು ಎಲ್ಲೂ ಬರದಿಲ್ಲ, ಯಾರ ಮುಂದೂ ಹೇಳಿಲ್ಲ."

ಅವನು ಕೆಮ್ಮಿದ, ಅದೇ ಉದ್ದ ಕೆಮ್ಮು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದ.

"ಹೆಸರು ಹೇಳಿಲ್ಲ ಅಂತೀದಿ. ಮತ್ತ ಆ ಕುಡಗೋಲಿಗೆ ನನ್ನ ಮನಿ ಯಾರ ತೋರಿಸಿದ್ರೋ ತಮ್ಮಾ?"