ಸುಂಕಮ್ಮನ ಗಂಧಕದ ಕಲ್ಲು

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಬೆಳಕು ಹರಿಯುವ ಹೊತ್ತಿಗೇ ಗಂಧಕ ಕರಗುತ್ತಿದೆ. ಮುಖಗವಸು, ದಪ್ಪ ಕೈಗವಸು ತೊಟ್ಟ ಸುಂಕಮ್ಮ ಬಿಸಿ ಮರಳು ಸುರಿದು ಕಲಕುತ್ತಾರೆ. ನೀರಿಲ್ಲ, ಸಿಮೆಂಟಿಲ್ಲ. ಕರಗಿದ ಗಂಧಕವೇ ಮರಳು, ಜಲ್ಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಚ್ಚಿಗೆ ಹೊಯ್ದದ್ದು ಸಂಜೆಯೊಳಗೆ ಕಲ್ಲು.

"ಉರಿ ಹೆಚ್ಚಾದ್ರ ಕಪ್ಪಾಗತೈತಿ, ಕೆಟ್ಟ ವಾಸನಿ ಬಿಡತೈತಿ. ಹಾಲು ಕಾಸಿದಂಗ ಕಾಯಬೇಕ್ರಿ" ಎನ್ನುತ್ತಾರೆ.

ಅಣುಶಕ್ತಿಯ ಕೆಲಸದಲ್ಲಿ ಉಳಿಯುವ ವಿಕಿರಣದ ಕಸವನ್ನು ಇಂಥ ಕಲ್ಲಿನೊಳಗೆ ಬಂಧಿಸಿಡಬಹುದೇ ಎಂದು ಒಂದು ಖಾಸಗಿ ಪ್ರಯೋಗಾಲಯ ಇಲ್ಲಿ ಪರೀಕ್ಷಿಸುತ್ತಿದೆ. ನಿಜವಾದ ಕಸ ಇಲ್ಲಿಗೆ ಬರುವುದಿಲ್ಲ. ಅದರ ಬದಲು ಬರಿ ಬೂದಿ ಬೆರೆಸಿ, ಕಲ್ಲನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿ, ಒಳಗಿನದು ಸೋರುತ್ತದೆಯೇ ಎಂದು ನೋಡುತ್ತಾರೆ.

ಸುಂಕಮ್ಮ ಮೊದಲು ಕಲ್ಲು ಒಡೆಯುವ ಕ್ರಷರ್‌ನಲ್ಲಿ ಜಲ್ಲಿ ಹೊರುತ್ತಿದ್ದರು. ಅಲ್ಲಿಯ ದೂಳು ಜೊತೆಗೆ ದುಡಿಯುತ್ತಿದ್ದ ಗಂಡ ಓಬಣ್ಣನ ಉಸಿರು ತೆಗೆಯಿತು. ಮಗಳು ಸಂಘಮಿತ್ರಾಳನ್ನು ಹಡಗಲಿಯಲ್ಲಿ ನರ್ಸಿಂಗ್ ಓದಿಸಿದ್ದು ಈ ಶೆಡ್ಡಿನ ಸಂಬಳ.

ಈ ವರ್ಷ ಯಾರದೋ ಮೊಬೈಲಿನಿಂದ ಸುದ್ದಿ ಹರಡಿತು: ಶೆಡ್ಡಿನಲ್ಲಿ ವಿಷ ಹೂಳುತ್ತಿದ್ದಾರಂತೆ. ಅದೇ ವಾರ ನೆರೆಮನೆಯ ಮೈಲಮ್ಮನ ಸೊಸೆ ಭೂಮಿಕಾ ಹೆತ್ತಳು. ಕೂಸು ನೋಡಲು ಹೋದ ಸುಂಕಮ್ಮನನ್ನು ಮೈಲಮ್ಮ ಹೊಸ್ತಿಲಲ್ಲೇ ತಡೆದರು.

"ಒಳಗ ಬರಬ್ಯಾಡ ಸುಂಕವ್ವ. ನಿನ್ನ ಮೈಯಾಗ ಆ ವಿಷ ಐತಂತ."

ಸುಂಕಮ್ಮನ ತಾಯಿಯನ್ನೂ ಈ ಬೀದಿಯ ಹೊಸ್ತಿಲುಗಳು ಜಾತಿ ನೋಡಿ ಹೊರಗೇ ನಿಲ್ಲಿಸಿದ್ದವು. ಈಗ ತಡೆದದ್ದು ಗಂಧಕವೋ, ಆ ಹಳೆಯ ಕಾರಣವೋ? "ಯಾವುದು ಅಂತ ಕೇಳಾಕ ಬಾಯಿ ಬರಲಿಲ್ರಿ. ರಾತ್ರಿಯೆಲ್ಲ ಕೈ ಮೂಸಿ ನೋಡಿಕೊಂಡೆ."

ಮರುದಿನ ಸುಂಕಮ್ಮ ಶೆಡ್ಡಿನ ಎಂಜಿನಿಯರ್ ಪ್ರವೀಣಕುಮಾರ್ ಅವರ ಎದುರು ನಿಂತು ಕೇಳಿದರು: "ಸರ, ನನ್ನ ಮೈಯಾಗ ಏನರ ಐತೇನ್ರಿ?"

ಭಾನುವಾರ ಆತ ವಿಕಿರಣ ಅಳೆಯುವ ಮೀಟರ್ ಹಿಡಿದು ಮೈಲಮ್ಮನ ಅಂಗಳಕ್ಕೇ ಬಂದರು. ಸುಂಕಮ್ಮನ ಅಂಗೈ ಮೇಲೆ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು; ಬರಿ ಅಂಗಳದಲ್ಲೂ ಹಾಗೆಯೇ. ಅಂದರೆ ಅವರ ಮೈಯಲ್ಲಿ ಏನೂ ಇಲ್ಲ. ಎಂಜಿನಿಯರ್ ಕೈ ಇಳಿಸುವಾಗ ಮೀಟರ್ ಗ್ರಾನೈಟಿನ ಹೊಸ್ತಿಲ ಹತ್ತಿರ ಬಂದಿತು. ಟಿಕ್ ಟಿಕ್ ಸದ್ದು ಜೋರಾಯಿತು.

ಮೈಲಮ್ಮ ಹೌಹಾರಿದರು. "ನಮ್ಮ ಹೊಸ್ತಿಲಾಗ ಐತೇನು?"

"ಗ್ರಾನೈಟ್ ಕಲ್ಲಿನಾಗ ಹುಟ್ಟಿನಿಂದನ ಚೂರು ವಿಕಿರಣ ಇರತೈತ್ರಿ, ಹೆದರಬ್ಯಾಡ್ರಿ" ಎಂದರು ಪ್ರವೀಣಕುಮಾರ್.

"ಆಕಿ ಮೈಯಾಗ ಇಲ್ಲ, ನನ್ನ ಮನ್ಯಾಗ ಐತಿ, ಆದ್ರೂ ಹೆದರಬ್ಯಾಡ! ಏನ್ ಹೇಳ್ತೀರೋ ತಿಳಿವಲ್ದು."

ಸುಂಕಮ್ಮನಿಗೂ ತಿಳಿಯಲಿಲ್ಲ. ಪ್ರವೀಣಕುಮಾರ್ ಸಾರಿನೊಳಗಿನ ಚಿಟಿಕೆ ಖಾರ ಬೇರೆ, ಮೂಟೆಗಟ್ಟಲೆ ಖಾರ ಬೇರೆ, ಹೊಸ್ತಿಲಲ್ಲಿರುವುದು ಚಿಟಿಕೆಯಷ್ಟೇ ಎಂದು ಬಿಡಿಸುತ್ತಿರುವಾಗಲೇ ಕೂಸು ಅಳತೊಡಗಿತು. ಭೂಮಿಕಾ ಹೊರಗೆ ಬಂದವಳೇ, "ಹಿಡಿ ಚಿಗವ್ವ" ಎಂದು ಕೂಸನ್ನು ಸುಂಕಮ್ಮನ ಕೈಗೆ ಕೊಟ್ಟಳು. ಈ ಸಲ ಮೈಲಮ್ಮ ತಡೆಯಲಿಲ್ಲ.

ಈಗ ಮೈಲಮ್ಮ ಕರೆದು ಚಹಾ ಕೊಡುತ್ತಾರೆ. ಒಂದು ದಿನ ಒಳಗೆ, ಒಂದು ದಿನ ಕಟ್ಟೆಯ ಮೇಲೆ. ಕಾರಣ ಸುಂಕಮ್ಮನಿಗೆ ಇನ್ನೂ ಬಗೆಹರಿದಿಲ್ಲ. ಕೆಲಸದ ಬಗ್ಗೆ ಮಾತ್ರ ಅವರಿಗೆ ಗೊಂದಲವಿಲ್ಲ.

"ನಾ ಹೋದ ಮ್ಯಾಲೂ ಇಂಥ ಕಲ್ಲು ಇರಬೇಕಂತ್ರಿ. ಮುಂದ ಯಾವ ಊರಾಗ ಇಡತಾರೋ, ಅದರ ಪಕ್ಕ ಯಾರ ಮನಿ ಇರತೈತೋ. ಆ ಮನ್ಯಾಗಿನ ಕೂಸಿಗೆ ಏನೂ ಆಗಬಾರ್ದು ನೋಡ್ರಿ."