ಉಳವಪ್ಪನ ವಿಭೂತಿ ಮತ್ತು ಮುಳ್ಳಿನ ಪೆಟ್ಟಿಗೆ

ಉಳವಪ್ಪನಷ್ಟು ಶುಚಿಯ ಮನುಷ್ಯನನ್ನು ನಾನು ಧಾರವಾಡದಲ್ಲಿ ಬೇರೆ ಕಂಡಿಲ್ಲ. ಮಣ್ಣು ಪರೀಕ್ಷೆಯ ನಮ್ಮ ಪ್ರಯೋಗಶಾಲೆಯಲ್ಲಿ ಅವನು ಗಾಜಿನ ಸಾಮಾನು ತೊಳೆಯುವ ಜವಾನ, ನಾನು ಗುಮಾಸ್ತ. ಬೆಳಿಗ್ಗೆ ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದನೆಂದರೆ ಸಂಜೆಯಾದರೂ ಒಂದು ಗೆರೆಯೂ ಅಳಿಯುತ್ತಿರಲಿಲ್ಲ.

ಮೊದಲೆಲ್ಲ ಮಣ್ಣು ಕಲಸಿದ ನೀರಿಗೆ ಬಣ್ಣದ ಔಷಧಿ ಹಾಕಿ, ಹಸಿರೋ ನೀಲಿಯೋ ಎಂದು ಮಣ್ಣಿನ ಹುಳಿ-ಕ್ಷಾರವನ್ನು ಕಣ್ಣಿನಿಂದಲೇ ಅಳೆಯಬೇಕಿತ್ತು. ನಮ್ಮ ಮೇಲಧಿಕಾರಿ ಐಸಾಕ ಸಾಹೇಬರು ಹಸಿರು ಎಂದರೆ ಉಳವಪ್ಪ "ನೀಲಿ ಐತ್ರಿ" ಎನ್ನುತ್ತಿದ್ದ. ಸ್ವಾತಂತ್ರ್ಯ ಬಂದ ವರ್ಷ ಹೊಸ ಯಂತ್ರ ಬಂತು ನೋಡಿ! ಅದರ ಗಾಜಿನ ಕಡ್ಡಿಯನ್ನು ಮಣ್ಣಿನ ನೀರಿಗೆ ಅದ್ದಿದರೆ ಸಾಕು, ಪೆಟ್ಟಿಗೆಯ ಮೇಲಿನ ಮುಳ್ಳು ತಾನೇ ಓಡಿ ಅಂಕಿ ತೋರಿಸುತ್ತಿತ್ತು. ಏಳರ ಕೆಳಗೆ ಹುಳಿ, ಮೇಲೆ ಕ್ಷಾರ. ಒಂಬತ್ತಕ್ಕೆ ಹೋದರೆ ಬೆಳೆ ಬಾರದ ಸವಳು ಭೂಮಿ. ಅವರ ಜಗಳ ನಿಂತಿತು. ನನಗಂತೂ ಬೇಸರವೇ ಆಯಿತು.

ಆಗಲೇ ಉಳವಪ್ಪನ ಮಗಳು ರೇಣವ್ವನಿಗೆ ಉಪ್ಪಿನಬೆಟಗೇರಿಯ ಗುರುಶಿದ್ದಪ್ಪನ ಮಗನ ಸಂಬಂಧ ಕೂಡಿಬಂದಿತ್ತು. ಹುಡುಗಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಆದರೆ ಯಾರೋ ಹೊಟ್ಟೆಕಿಚ್ಚಿನವರು ಗಂಡಿನ ಕಡೆಯವರ ಹೊಲ ಸವಳೆಂದು ಉಳವಪ್ಪನ ಹೆಂಡತಿ ಫಕೀರವ್ವನ ಕಿವಿ ಊದಿದರು.

"ಸವಳು ಭೂಮಿಗೆ ಕೊಟ್ಟು ಮಗಳಿಗೆ ಉಪ್ಪು ನೆಕ್ಕಸ್ಲೇನು?" ಎಂದು ಆಕೆ ಹಟ ಹಿಡಿದಳು.

"ತಡಿ, ಮುಳ್ಳು ಹೇಳತೈತಿ. ಅದಕ್ಕ ಯಾರ ಮುಲಾಜೂ ಇಲ್ಲ," ಎಂದು ಉಳವಪ್ಪ ಬೀಗರಿಗೆ ಹೇಳಿಯೇ ಅವರ ಹೊಲದ ಮಣ್ಣು ತಂದ.

ನಡುವೆ ಖಂಡೇನವಮಿ ಬಂತು. ಸಲಕರಣೆಗಳಿಗೆಲ್ಲ ಪೂಜೆಯ ದಿನ. "ಪೂಜಾ ಮಾಡಪಾ, ಗಾಜಿನ ಕಡ್ಡಿ ಮಾತ್ರ ಮುಟ್ಟಬ್ಯಾಡ," ಎಂದು ಹೇಳಿ ಐಸಾಕ ಸಾಹೇಬರು ಮನೆಗೆ ಹೋದರು. ಅವನು ಮುಟ್ಟಲಿಲ್ಲ, ಶಿವನಾಣೆ.

ಹಬ್ಬ ಮುಗಿದ ಮೇಲೆ ಬೀಗರ ಮಣ್ಣು ಕಲಸಿ ನೋಡಿದರೆ ಮುಳ್ಳು ಒಂಬತ್ತು ದಾಟಿತು. ಪಕ್ಕಾ ಸವಳು! ಉಳವಪ್ಪ ಅಂದೇ ಸಂಬಂಧ ಬೇಡವೆಂದು ಹೇಳಿಕಳಿಸಿದ. ರೇಣವ್ವ ರೊಟ್ಟಿ ಬಡಿಯುವುದನ್ನು ಅಲ್ಲಿಗೇ ಬಿಟ್ಟು ಎದ್ದಳಂತೆ. "ಅಪ್ಪಾ, ನಾ ಲಗ್ನ ಆಗೂದು ಮನಶ್ಯಾನ್ನೋ ಮಣ್ಣನ್ನೋ? ನಿನ್ನ ಮುಳ್ಳಿಗೆ ಬೆಂಕಿ ಬೀಳ್ಲಿ!" ಆ ರಾತ್ರಿ ಅವರ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಮರುದಿನ ಗರಗದ ಒಂದು ಹೊಲದ ಮಣ್ಣೂ ಸವಳು ಎಂದಿತು ಮುಳ್ಳು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

"ಎದಿಮಟ ಹತ್ತಿ ಬೆಳಿಯೂ ಹೊಲ ಅದು! ಅದು ಸವಳಾದ್ರ ನಾಳಿಂದ ನಾ ಪಾದ್ರಿ ಆಗ್ತೇನಿ!"

ಮಣ್ಣನ್ನೇ ಹಾಕದೆ, ಕಲಸಲೆಂದು ಭಟ್ಟಿ ಇಳಿಸಿಟ್ಟ ಶುದ್ಧ ನೀರಿನಲ್ಲಿ ಕಡ್ಡಿ ಅದ್ದಿದರು. ಏಳರ ಆಸುಪಾಸು ನಿಲ್ಲಬೇಕಾದ ಮುಳ್ಳು ಮತ್ತೆ ಒಂಬತ್ತು ದಾಟಿತು. ಆ ನೀರಿನ ದೊಡ್ಡ ಬಾಟಲಿ ಎತ್ತಿ ನೋಡಿದರೆ ತಳದಲ್ಲಿ ಬಿಳಿ ಗಸಿ.

"ಏನಿದು ಉಳವಪ್ಪಾ?"

"ವಿಭೂತಿ ರೀ ಸಾಹೇಬ್ರ. ಕಡ್ಡಿ ಮುಟ್ಟಬ್ಯಾಡ ಅಂದ್ರಿ, ಮುಟ್ಟಲಿಲ್ಲ. ಯಂತ್ರಕ್ಕ ದಿನಾ ನೀರು ಕುಡಸೂ ಬಾಟ್ಲಿ ಪೂಜಾ ಇಲ್ದ ಕುಂದ್ರಬೇಕೇನ್ರಿ? ಒಂದು ಉಂಡಿ ಪುಡಿ ಮಾಡಿ ಒಳಗ ಬಿಟ್ಟೆ."

"ಬೂದಿ ಅಂದ್ರ ಕ್ಷಾರಲ್ಲೋ ಮಾರಾಯಾ! ಎಲ್ಲಾರ ಹೊಲಾನೂ ಸವಳು ಮಾಡಿದ್ಯಲ್ಲ!" ಸಾಹೇಬರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಉಳವಪ್ಪ ನಗಲಿಲ್ಲ. "ನನ್ನ ಮಗಳು..." ಎಂದವನೇ ಬಾಟಲಿ ತೊಳೆದ, ಹೊಸ ನೀರು ತುಂಬಿದ, ಉಳಿದಿದ್ದ ಬೀಗರ ಮಣ್ಣು ಕಲಸಿದ. ಮುಳ್ಳು ಏಳೂವರೆಗೆ ಬಂದು ನಿಂತಿತು. ಬಂಗಾರದಂಥ ಭೂಮಿ!

ನನ್ನನ್ನೂ ಎಳೆದುಕೊಂಡು ಚಕ್ಕಡಿ ಹತ್ತಿದ. ಉಪ್ಪಿನಬೆಟಗೇರಿಯಲ್ಲಿ ಗುರುಶಿದ್ದಪ್ಪ ಮುಖ ಗಂಟಿಕ್ಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ, ಬರ್ರಿ ಎನ್ನಲಿಲ್ಲ. ಉಳವಪ್ಪ ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿ ಕೈಮುಗಿದ.

"ತಪ್ಪಾತ್ರಿ. ಸವಳು ನಿಮ್ಮ ಹೊಲದಾಗ ಇದ್ದಿಲ್ಲ. ನನ್ನ ಹಣಿ ಮ್ಯಾಲಿತ್ತು."

ಗುರುಶಿದ್ದಪ್ಪ ಅವನ ಹಣೆಯನ್ನೇ ದಿಟ್ಟಿಸಿದ. ಮೀಸೆಯ ಕೆಳಗೆ ನಗು ತಡೆಯಲಾಗಲಿಲ್ಲ.

"ಲಗ್ನದ ದಿನ ಹಣಿ ತುಂಬ ಹಚ್ಕೊಂಡು ಬರ್ರಿ ಬೀಗ್ರ. ನೀರಿನ ಕೊಡ ನಾವು ಮುಚ್ಚಿಟ್ಟಿರ್ತೇವಿ."