ದಾರಿಗೆ ಅಡ್ಡ ನಿಂತ ಬೋರ್‌ವೆಲ್ ಲಾರಿ

ಊರಿನವರು ಆಕೆಯನ್ನು ಬೋರಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡಾಗ, ಬೋರ್‌ವೆಲ್ ಲಾರಿಯನ್ನು ಮಾರಿಬಿಡು ಎಂದು ನೆಂಟರೆಲ್ಲ ದುಂಬಾಲು ಬಿದ್ದಿದ್ದರು. ಆಕೆ ಯಾರ ಮಾತಿಗೂ ಸೊಪ್ಪು ಹಾಕದೆ, ತಲೆಗೆ ಬಟ್ಟೆ ಬಿಗಿದುಕೊಂಡು ತಾನೇ ಕೊರೆಯಲು ನಿಂತಳು. “ನನ್ನ ಮಾತು ಬೋರು ಅಂತ ಈ ಹೆಸರಿಟ್ಟಿಲ್ಲ ತಾನೆ?” ಎಂದು ತಾನೇ ನಗುತ್ತಿದ್ದಳು.

ದಿಬ್ಬದ ಮೇಲಿನ ಐಸ್ ಕಾರ್ಖಾನೆಗೆ ಬೋರು ಕೊರೆದವಳೂ ಅವಳೇ. ಅದೇ ಬೇಸಿಗೆಯಲ್ಲಿ, ದಿಬ್ಬದ ಕೆಳಗೆ ಲಾಂಡ್ರಿ ನಡೆಸುತ್ತಿದ್ದ ಅವಳ ತಂಗಿಯ ಬಾವಿ ತಳ ಕಂಡಿತು.

“ಅಕ್ಕಾ, ನಿನ್ನ ಬೋರು ನನ್ನ ಬಾವೀನ ಕುಡಿದು ಹಾಕ್ತು” ಎಂದಳು ತಂಗಿ.

“ಅದೆಲ್ಲಿ, ಇದೆಲ್ಲಿ! ಮಳೆ ಕಮ್ಮಿ ಆಯ್ತು, ಅಷ್ಟೆ.”

“ಮಳೆ ಕೈಕೊಟ್ಟ ವರ್ಷಾನೂ ಇದು ಬತ್ತಿರಲಿಲ್ಲ. ಬಂದು ನೋಡು.”

ಬೋರಕ್ಕ ಹೋದಳು. ಒಗೆಯುವ ತೊಟ್ಟಿಗಳು ಒಣಗಿ ಬಿರುಕು ಬಿಟ್ಟಿದ್ದವು. ಆಸ್ಪತ್ರೆಯಿಂದ ಬಂದ ಹಾಸಿಗೆ ಬಟ್ಟೆಗಳು ಇಸ್ತ್ರಿ ಮೇಜಿನ ಕೆಳಗೆ ಗುಡ್ಡೆ ಬಿದ್ದಿದ್ದವು. ಅವಳು ನೇರ ದಿಬ್ಬ ಹತ್ತಿ, ಕೆಲವು ದಿನ ಪಂಪು ನಿಲ್ಲಿಸುವಂತೆ ಕಾರ್ಖಾನೆಯ ಮಾಲೀಕನನ್ನು ಕೇಳಿಕೊಂಡಳು. ಹೇಗೂ ಯಂತ್ರದ ರಿಪೇರಿ ಇತ್ತು. ಅವನು ಗೊಣಗುತ್ತಲೇ ಒಪ್ಪಿದ.

ಪಂಪು ನಿಂತ ಮೇಲೆ ಬಾವಿಯ ತಳದ ಕಲ್ಲುಗಳು ಮೊದಲು ಬೆವರಿದಂತೆ ತೇವವಾದವು. ಆಮೇಲೊಂದು ಬೆಳಿಗ್ಗೆ ಇಳಿಬಿಟ್ಟ ಬಿಂದಿಗೆ ಬುಳುಕ್ಕೆಂದು ಮುಳುಗಿತು. ಪಂಪು ಮತ್ತೆ ಶುರುವಾದದ್ದೇ ತಡ, ನೀರು ಇಳಿದುಹೋಯಿತು. ಅಕ್ಕನ ಮುಖ ಸಪ್ಪಗಾಯಿತು.

“ಈಗೇನ್ಮಾಡ್ತೀಯಾ?” ತಂಗಿ ಕೇಳಿದಳು.

“ನಾನೇ ಕೆಡಿಸಿದ್ದು. ನಾನೇ ಸರಿ ಮಾಡ್ತೀನಿ.”

ಪುರಸಭೆಗೆ ಹೋಗಿ, ಆ ದಿಬ್ಬದಲ್ಲಿ ಹೊಸ ಬೋರು ಬೇಡ, ಇರುವ ಬೋರಿಗೂ ಹೊತ್ತು ಗೊತ್ತುಮಾಡಿ ಎಂದಳು. ಅಧ್ಯಕ್ಷರು ಕಣ್ಣರಳಿಸಿದರು. “ಅಲ್ಲಮ್ಮಾ, ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತೀಯಾ?”

“ಕೆಳಗಿನವರ ಗಂಟಲು ಒಣಗಿಸಿ ಉಂಡ್ರೆ ನನಗೆ ಅರಗಲ್ಲ ಸಾರ್.”

“ನೋಡೋಣ” ಎಂದರು ಅಧ್ಯಕ್ಷರು. ಅವರು ನೋಡುತ್ತ ಕೂತಿದ್ದಾಗಲೇ ಮಾಲೀಕ ಎರಡನೇ ಬೋರಿಗೆಂದು ಹೊರಗಿನ ಲಾರಿ ಕರೆಸಿದ. ಅದು ಬರುವ ಹೊತ್ತಿಗೆ ಬೋರಕ್ಕ ತನ್ನ ಲಾರಿಯನ್ನು ದಿಬ್ಬದ ದಾರಿಗೆ ಅಡ್ಡ ನಿಲ್ಲಿಸಿ, ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

“ದಾರಿ ಬಿಡಿ ಅಮ್ಮಾ!” ಹೊರಗಿನ ಚಾಲಕ ಕೂಗಿದ.

“ಗಾಡಿ ಕೆಟ್ಟಿದೆ.”

“ಏನಾಗಿದೆ?”

“ಪುರಸಭೆಯವರು ಬಂದ್ರೆ ಸರಿಹೋಗುತ್ತೆ.”

ತಂಗಿ ಸ್ಟೂಲು ತಂದು ಅಕ್ಕನ ಪಕ್ಕದಲ್ಲಿ ಕೂತಳು. ಕೆಳಗಿನ ಬೀದಿಯವರು ಖಾಲಿ ಬಿಂದಿಗೆ ಹಿಡಿದು ಒಬ್ಬೊಬ್ಬರಾಗಿ ಬಂದರು. ಮಾಲೀಕ ರೇಗಾಡುತ್ತ ಇಳಿದುಬಂದ.

“ಸ್ವಾಮಿ, ಎರಡನೇದನ್ನ ಕೊರೆದ್ರೆ ಅದು ನಿಮ್ಮ ಮೊದಲನೇದನ್ನೂ ಬಿಡಲ್ಲ” ಎಂದಳು ಬೋರಕ್ಕ. “ಆಮೇಲೆ ಐಸನ್ನ ಗಾಳೀಲಿ ಮಾಡ್ತೀರಾ?”

ಜನ ಗೊಳ್ಳೆಂದರು. ಮಾಲೀಕ ನಗಲಿಲ್ಲ, ಆದರೆ ಕೂಗುವುದನ್ನು ನಿಲ್ಲಿಸಿದ. ಕೊನೆಗೆ ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತ ಬಂದು, ಠರಾವು ಆಗುವವರೆಗೆ ಯಾರೂ ಕೊರೆಯಕೂಡದು ಎಂದು ಎಲ್ಲರೆದುರು ಹೇಳಿದರು. ಹೊರಗಿನ ಲಾರಿ ಹಿಂದಕ್ಕೆ ಹೋಯಿತು.

ಠರಾವು ಆಯಿತು. ಕಾರ್ಖಾನೆಯ ಪಂಪು ಈಗ ಅರ್ಧ ದಿನವಷ್ಟೇ ಓಡುತ್ತದೆ. ದಿಬ್ಬದಲ್ಲಿ ಕೆಲಸ ಕಳೆದುಕೊಂಡ ಬೋರಕ್ಕ, ಚಾವಣಿಯ ಮಳೆನೀರನ್ನು ಮರಳು, ಜಲ್ಲಿಯಲ್ಲಿ ಸೋಸಿ, ಬತ್ತಿದ ಹಳೆಯ ಬೋರುಗಳಿಗೆ ಇಳಿಸುವ ಕೆಲಸ ಹಿಡಿದಳು. ಅವಳ ಒತ್ತಾಯಕ್ಕೆ ಮಣಿದು ಮೊದಲು ಚಾವಣಿ ಕೊಟ್ಟವನು ಅದೇ ಮಾಲೀಕ. ತಂಗಿಯ ಬಾವಿ ಮೊದಲಿನಷ್ಟು ತುಂಬಲಿಲ್ಲ. ಆದರೂ ಲಾಂಡ್ರಿ ಬಾಗಿಲು ಹಾಕಲಿಲ್ಲ.

ಊರಾಚೆಯ ಇನ್ನೊಂದು ದಿಬ್ಬದಲ್ಲಿ ಬೇರೆಯವರು ಈಗಲೂ ಕೊರೆಯುತ್ತಿದ್ದಾರೆ. ಕೊರೆಯಬೇಡಿ ಎಂದದ್ದಕ್ಕೆ ಅಲ್ಲಿನ ಪಂಚಾಯಿತಿ ಸಭೆಯಿಂದ ಬೋರಕ್ಕನನ್ನು ಎರಡು ಸಲ ಎಬ್ಬಿಸಿ ಕಳಿಸಿದರು. ಮುಂದಿನ ವಾರ ಮತ್ತೆ ಸಭೆಯಿದೆ, ಅವಳು ಹೋಗುತ್ತಾಳೆ.